ಡಬ್ಬಿ ಬದಲಿಸುವಾಗ ಕೀಲಿ ಜೋಪಾನ



ನಮ್ಮ ಮನೆಗಳಲ್ಲಿ ಕಂಪ್ಯೂಟರಿಗೆ ಅಥವಾ ಮೊಬೈಲಿಗೆ ಸಂಬಂಧಪಟ್ಟ ಯಾವ ಕೆಲಸವೇ ಇರಲಿ, ಅದು ಸುತ್ತಿ ಬಳಸಿ ಕೊನೆಗೆ ನಿಮ್ಮ ಕೈಗೇ ಬರುತ್ತದೆ, ಅಲ್ಲವೇ? ಅಜ್ಜನ ಪಿಂಚಣಿಯ ಕಾಗದ, ಅಮ್ಮನ ಬ್ಯಾಂಕಿನ ಆಪ್, ಊರಿಗೆ ಹೋಗುವ ರೈಲಿನ ಟಿಕೆಟ್. "ನೀನೇ ನೋಡಿಕೊಡು ಮಗಾ" ಎಂದು ಫೋನಿನ ಜೊತೆ ಪಾಸ್‌ವರ್ಡನ್ನೂ ನಿಮ್ಮ ಕೈಗಿಟ್ಟುಬಿಡುತ್ತೇವೆ. ನೀವು ಎರಡು ನಿಮಿಷದಲ್ಲಿ ಮುಗಿಸಿಕೊಡುತ್ತೀರಿ, ನಾವು ಬೆರಗಾಗುತ್ತೇವೆ. ಆ ಎರಡು ನಿಮಿಷದಲ್ಲಿ ಏನೇನಾಯಿತೆಂದು ನಾವೂ ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. ಈ ಸಲ ನಾನು ಬರೆಯಹೊರಟಿರುವುದು ಅಂಥ ಎರಡು ನಿಮಿಷದ ಬಗ್ಗೆಯೇ.

2024ರ ಅಕ್ಟೋಬರ್ 25, ಶುಕ್ರವಾರ. ಆ ವರ್ಷ ದೀಪಾವಳಿ, ರಾಜ್ಯೋತ್ಸವ ಎರಡೂ ಒಟ್ಟೊಟ್ಟಿಗೆ ಬಂದಿದ್ದವು. ನಮ್ಮ ಸಂಘದ ಮಕ್ಕಳ ಸ್ಪರ್ಧೆಗಳಿಗೆ ಮರುದಿನ ಬೆಳಿಗ್ಗೆಯಿಂದ ವೆಬ್‌ಸೈಟಿನಲ್ಲಿ ಹೆಸರು ಬರೆಸಿಕೊಳ್ಳಬೇಕಿತ್ತು. ಅದರ ಉಸ್ತುವಾರಿ ನನ್ನದು. ಅಲ್ಲಿಯವರೆಗೆ ಸೈಟು ಒಂದು ವಿಂಡೋಸ್ ಯಂತ್ರದಲ್ಲಿತ್ತು. ಅದರ ಬಾಡಿಗೆಯ ಅವಧಿ ಮುಗಿದದ್ದರಿಂದ ಅಂದೇ ಲಿನಕ್ಸ್ ಯಂತ್ರವೊಂದಕ್ಕೆ ಬಿಡಾರ ಬದಲಾಯಿಸಿದ್ದೆವು. ಬಿಡಾರವೇನೋ ಬದಲಾಯಿತು, ಆದರೆ ಸೈಟಿನ ಸೆಕ್ಯುರಿಟಿ ಸರ್ಟಿಫಿಕೇಟ್ ಹಳೆಯ ಯಂತ್ರದಿಂದ ತೆಗೆದ ಪಿಎಫ್‌ಎಕ್ಸ್ ಎಂಬ ರೂಪದಲ್ಲಿತ್ತು. ಹೊಸ ಯಂತ್ರ ಕೇಳುತ್ತಿದ್ದದ್ದು ಪೆಮ್ ಎಂಬ ಇನ್ನೊಂದು ರೂಪವನ್ನು. ಅದು ಸಿಗುವ ತನಕ ಸೈಟನ್ನು ತೆರೆದವರಿಗೆಲ್ಲ 'ಈ ತಾಣ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಕಾಣುತ್ತಿತ್ತು.

ಸಂಘದ ಯುವಕನೊಬ್ಬ ಈ ಕೆಲಸವನ್ನು ಒಪ್ಪಿಕೊಂಡ. ಇಲ್ಲೇ ಮುಂಬಯಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಬರೆಯಲು ಮಾತ್ರ ಹಿಂಜರಿಯುತ್ತಾನೆ. ನಾನು ಪಿಎಫ್‌ಎಕ್ಸ್ ಕಡತವನ್ನು ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರ ಪಾಸ್‌ವರ್ಡನ್ನೂ ಕೆಳಗೇ ಬರೆದೆ. ರಾತ್ರಿ ಹತ್ತಾಯಿತು, ಹನ್ನೊಂದಾಯಿತು. ಅವನ ಕಂಪ್ಯೂಟರ್ ಅದನ್ನು ತೆರೆಯಲು ಒಪ್ಪಲಿಲ್ಲ. "ಇವತ್ತೇ ಆಗಬೇಕಪ್ಪಾ, ಬೆಳಿಗ್ಗೆ ಜನ ಫೋನ್ ಮಾಡುತ್ತಾರೆ" ಎಂದು ನಾನು ಮೂರು ಸಲ ಹೇಳಿದೆ. ಹನ್ನೆರಡಕ್ಕೆ ಅವನಿಂದ ಫೋನ್ ಬಂತು. "ಆಯ್ತು ಆಂಟಿ! ಒಂದು ಫ್ರೀ ಪುಟ ಸಿಕ್ಕಿತು. ಫೈಲ್ ಹಾಕಿ, ಪಾಸ್‌ವರ್ಡ್ ಕೊಟ್ಟೆ. ಎರಡೇ ನಿಮಿಷ!"

ನಾನು ಅವನನ್ನು ಬಾಯಿತುಂಬ ಹರಸಿ ಮಲಗಿದೆ.

ಶನಿವಾರ ಬೆಳಿಗ್ಗೆ ಪುಣೆಯಿಂದ ನನ್ನ ಮೈದುನನ ಮಗಳು ಹಬ್ಬಕ್ಕೆಂದು ಬಂದಳು. ಸರ್ವರುಗಳನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ. ಕಾಫಿ ಕುಡಿಯುತ್ತಾ ರಾತ್ರಿಯ ಸಾಹಸವನ್ನು ಹೇಳಿದೆ. ಅವಳು ಲೋಟವನ್ನು ಕೆಳಗಿಟ್ಟಳು. "ದೊಡ್ಡಮ್ಮ, ಪಾಸ್‌ವರ್ಡ್ ಕೂಡ ಕೊಟ್ಟನಾ?" ಎಂದಳು. ಆಮೇಲೆ ನನ್ನ ಫೋನನ್ನು ತೆಗೆದುಕೊಂಡು ವಾಟ್ಸಾಪ್ ಗುಂಪನ್ನು ನೋಡಿ, "ಅದಕ್ಕೂ ಮೊದಲೇ ನೀವು ಹದಿನಾಲ್ಕು ಜನರಿಗೆ ಕೊಟ್ಟಿದ್ದೀರಲ್ಲ!" ಎಂದಳು.

ಅವಳ ಗಾಬರಿ ನನಗೆ ಅರ್ಥವಾಗಲು ಅರ್ಧ ದಿನ ಹಿಡಿಯಿತು. ನಿಮಗೆ ಬೇಗ ಅರ್ಥವಾದೀತು.

ಸರ್ಟಿಫಿಕೇಟ್, ಅಂದರೆ ಪ್ರಮಾಣಪತ್ರ, ಗುಟ್ಟಿನ ವಸ್ತುವೇ ಅಲ್ಲ. ಸೈಟಿನ ಹೆಸರು, ಅದರ ಬಹಿರಂಗ ಕೀಲಿ, ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುತ್ತದೆ, ಕೊಟ್ಟವರು ಯಾರು, ಮತ್ತು ಕೊಟ್ಟವರ ಸಹಿ ಅದರಲ್ಲಿರುತ್ತವೆ. ಸೈಟಿಗೆ ಬಂದ ಪ್ರತಿಯೊಬ್ಬರಿಗೂ ಅದನ್ನು ತೋರಿಸಲೇಬೇಕು. ಈ ಪತ್ರದ ಶಾಸ್ತ್ರಕ್ಕೆ ಎಕ್ಸ್.509 ಎಂದು ಹೆಸರು. ಮೊದಲು ಪ್ರಕಟವಾದದ್ದು 1988ರಲ್ಲಿ. ಗುಟ್ಟಾಗಿರಬೇಕಾದದ್ದು ಪತ್ರದ ಜೋಡಿಯಾದ ಪ್ರೈವೇಟ್ ಕೀ. ಅದನ್ನು ಗುಟ್ಟಿನ ಕೀಲಿ ಎನ್ನೋಣ. 'ಈ ಪತ್ರ ನನ್ನದೇ' ಎಂದು ಸರ್ವರು ಸಾಧಿಸಿ ತೋರಿಸುವುದು ಈ ಕೀಲಿಯ ಬಲದಿಂದ.

ಸುಂದರಕಾಂಡದ ಕತೆ ನೆನಪಿಸಿಕೊಳ್ಳಿ. ಸನ್ಯಾಸಿಯ ವೇಷಕ್ಕೆ ಒಮ್ಮೆ ಮೋಸಹೋಗಿದ್ದ ಸೀತೆ ಹನುಮಂತನನ್ನು ಸುಲಭವಾಗಿ ನಂಬಲಿಲ್ಲ. ಅವಳ ಅನುಮಾನ ಪೂರ್ತಿ ಹೋದದ್ದು ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆ. ನಿಮ್ಮ ಬ್ರೌಸರ್ ಸೀತೆಯಷ್ಟೇ ಎಚ್ಚರದಿಂದಿರುತ್ತದೆ. ಗುಟ್ಟಿನ ಕೀಲಿಯೇ ಆ ಉಂಗುರ. ಅದು ಬೇರೆಯವರ ಕೈಗೆ ಹೋದರೆ, ಜನ ಓಡಾಡುವ ಜಾಗದ ವೈಫೈನಂಥ ಕಡೆ ನಡುದಾರಿಯಲ್ಲಿ ಕೂತು 'ಕನ್ನಡ ಸಂಘದ ಸೈಟು ನಾನೇ' ಎಂದು ಹೇಳಿಕೊಳ್ಳಬಹುದು. ಬ್ರೌಸರ್ ನಂಬುತ್ತದೆ. ನಮ್ಮ ಸೈಟಿನಲ್ಲಿ ಸದಸ್ಯರ ವಿಳಾಸ, ಫೋನ್ ನಂಬರು, ಮಕ್ಕಳ ವಯಸ್ಸು, ಶಾಲೆ ಎಲ್ಲವನ್ನೂ ತುಂಬಿಸುತ್ತಾರೆ. ಯೋಚಿಸಿ.

ಇನ್ನು ಈ ಡಬ್ಬಿಗಳ ಕತೆ. ಮುಂಬಯಿಯಲ್ಲಿ ಕೊಂಕಣಿ ನೆರೆಹೊರೆ ಇಲ್ಲದ ಕನ್ನಡಿಗರು ಕಡಿಮೆ. ಅದೇ ಕೊಂಕಣಿಯನ್ನು ಮಂಗಳೂರಿನ ಕಡೆಯವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವೆಯವರು ದೇವನಾಗರಿಯಲ್ಲೂ ರೋಮನ್ ಲಿಪಿಯಲ್ಲೂ ಬರೆಯುತ್ತಾರೆ. ಲಿಪಿ ಬದಲಾದರೆ ಮಾತು ಬದಲಾಗುವುದಿಲ್ಲ. ಪ್ರಮಾಣಪತ್ರವೂ ಹಾಗೆಯೇ. ಡಿಇಆರ್ ಎಂಬ ರೂಪದಲ್ಲಿ ಅದು ಯಂತ್ರಕ್ಕೆ ಮಾತ್ರ ಓದಲಿಕ್ಕಾಗುವ ಬೈಟುಗಳ ಸಾಲು. ಪೆಮ್ ಎಂದರೆ ಅದೇ ಬೈಟುಗಳನ್ನು ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರ, ಅಂಕಿ, ಕೂಡಿಸುವ ಚಿಹ್ನೆ, ಓರೆಗೆರೆ, ಹೀಗೆ 64 ಚಿಹ್ನೆಗಳಲ್ಲಿ ಬರೆದು, ಮೇಲೆ ಬಿಗಿನ್, ಕೆಳಗೆ ಎಂಡ್ ಎಂಬ ಗೆರೆ ಹಾಕಿದ್ದು. ಮೂರು ಬೈಟಿಗೆ ನಾಲ್ಕು ಅಕ್ಷರ ಬೇಕಾಗುವುದರಿಂದ ಪೆಮ್ ಕಡತ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಪೆಮ್ ಎಂಬ ಹೆಸರು ಬಂದದ್ದು ಪ್ರೈವಸಿ ಎನ್‌ಹ್ಯಾನ್ಸ್ಡ್ ಮೇಲ್ ಎಂಬ ಯೋಜನೆಯಿಂದ. ಅಂಚೆಯನ್ನು ಗುಟ್ಟಾಗಿ ಕಳಿಸಲೆಂದು 1993ರಲ್ಲಿ ಅದರ ನಿಯಮಗಳು ಹೊರಬಂದವು. ಆ ಅಂಚೆ ಬಳಕೆಗೆ ಬರಲಿಲ್ಲ, ಅದರ ಲಕೋಟೆ ಮಾತ್ರ ಉಳಿದುಕೊಂಡಿತು.

ಒಂದು ಕಿವಿಮಾತು. ಕಡತದ ಹೆಸರಿನ ಕೊನೆಗೆ ಸಿಆರ್‌ಟಿ ಅಥವಾ ಸಿಇಆರ್ ಎಂದಿದ್ದರೆ ಒಳಗಿರುವುದು ಪೆಮ್ಮೋ ಡಿಇಆರೋ ಹೇಳಲಿಕ್ಕಾಗದು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಬಿಗಿನ್ ಗೆರೆ ಕಂಡರೆ ಪೆಮ್, ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಂಡರೆ ಬಹುಶಃ ಡಿಇಆರ್.

ಪಿಎಫ್‌ಎಕ್ಸ್ ಇವೆರಡರಂತಲ್ಲ. ಅದು ಬೀಗ ಹಾಕಿದ ಟ್ರಂಕು. ನಮ್ಮ ಪ್ರಮಾಣಪತ್ರ, ಅದಕ್ಕೆ ಸಾಕ್ಷಿ ನಿಲ್ಲುವ ಮೇಲಿನವರ ಪ್ರಮಾಣಪತ್ರಗಳು, ಜೊತೆಗೆ ಗುಟ್ಟಿನ ಕೀಲಿ, ಮೂರೂ ಒಂದೇ ಕಡತದಲ್ಲಿ ಪಾಸ್‌ವರ್ಡಿನ ಬೀಗದೊಳಗೆ ಇರುತ್ತವೆ. ಇದರ ಶಾಸ್ತ್ರೀಯ ಹೆಸರು ಪಿಕೆಸಿಎಸ್ 12. ವಿಂಡೋಸ್ ಯಂತ್ರಗಳಿಗೆ ಇದೇ ಪ್ರೀತಿ. ಅಪಾಚೆ, ಎಂಜಿನ್‌ಎಕ್ಸ್ ಎಂಬ ಸರ್ವರುಗಳಿಗೆ ಪೆಮ್ ಬೇಕು. ಜಾವಾ ಕೂಡ ತನ್ನದೇ ಬೇರೆ ಟ್ರಂಕನ್ನು ಇಟ್ಟುಕೊಂಡಿತ್ತು, 2017ರ ಒಂಬತ್ತನೇ ಆವೃತ್ತಿಯಿಂದ ಪಿಕೆಸಿಎಸ್ 12ಕ್ಕೇ ಬಂತು.

ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶವಿದೆ. 1998ರ ಕೊನೆಯಲ್ಲಿ ಶುರುವಾದದ್ದು. ನಮ್ಮ ಹುಡುಗ ಮೊದಲು ಅದನ್ನೇ ಬಳಸಿದ್ದ. ಹಾಗಾದರೆ ಸೋತದ್ದೇಕೆ? ನನ್ನ ಮೈದುನನ ಮಗಳು ಅವನ ಪರದೆಯ ಚಿತ್ರವನ್ನು ತರಿಸಿ ನನಗೆ ತೋರಿಸಿದಳು. "ದೊಡ್ಡಮ್ಮ, ನೀವು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವರು. ಓದಿ ನೋಡಿ" ಎಂದಳು. ಕೆಂಪು ಸಾಲುಗಳ ನಡುವೆ 'ಅನ್‌ಸಪೋರ್ಟೆಡ್' ಎಂಬ ಪದವಿತ್ತು. ಕಡತ ಕೆಟ್ಟಿದೆ ಎಂದಲ್ಲ, ಪಾಸ್‌ವರ್ಡ್ ತಪ್ಪು ಎಂದಲ್ಲ. 'ಇಂಥದ್ದನ್ನು ನಾನು ಈಗ ಮುಟ್ಟುವುದಿಲ್ಲ' ಎಂದಷ್ಟೇ ಅದರ ಅರ್ಥ. ಹಳೆಯ ವಿಂಡೋಸ್ ಯಂತ್ರ ಟ್ರಂಕಿನ ಒಂದು ಭಾಗಕ್ಕೆ ಆರ್‌ಸಿ2 ಎಂಬ ಹಳೆಯ, ಬರೀ 40 ಬಿಟ್ಟಿನ ದುರ್ಬಲ ಬೀಗ ಹಾಕಿತ್ತು. 2021ರ ಸೆಪ್ಟೆಂಬರಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.0 ಅಂಥ ಬೀಗಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಬೇಕಾದರೆ ಆಜ್ಞೆಯಲ್ಲಿ 'ಲೆಗಸಿ' ಎಂಬ ಒಂದು ಪದ ಸೇರಿಸಬೇಕು, ಅಷ್ಟೇ. ಅವಳು ಸೇರಿಸಿದಳು, ಟ್ರಂಕು ತೆರೆಯಿತು. ಒಂದು ಪದ ಗೊತ್ತಿರದೆ, ಅದಕ್ಕಿಂತ ಹೆಚ್ಚಾಗಿ ನನ್ನ ಅವಸರಕ್ಕೆ ಹೆದರಿ, ಆ ಹುಡುಗ ಉಂಗುರವನ್ನು ಗುರುತಿಲ್ಲದವರ ಕೈಗಿಟ್ಟಿದ್ದ.

ಆ ಪುಟದವರು ಕಳ್ಳರೆಂದು ನಾನು ಹೇಳುತ್ತಿಲ್ಲ. 'ನಿಮ್ಮ ಕಡತವನ್ನು ಕೂಡಲೇ ಅಳಿಸುತ್ತೇವೆ' ಎಂದು ಅಲ್ಲಿ ಬರೆದಿತ್ತಂತೆ, ಅಳಿಸಿದ್ದರೂ ಇರಬಹುದು. ಆದರೆ ನಮ್ಮ ಕೈಯಿಂದ ಹೊರಗೆ ಹೋದ ಕೀಲಿ ಎಲ್ಲಿ ಉಳಿಯಿತು, ಯಾರು ನೋಡಿದರು ಎಂದು ತಿಳಿಯಲು ದಾರಿಯೇ ಇಲ್ಲ. ನಾನು ವಾಟ್ಸಾಪ್ ಗುಂಪಿನಿಂದ ಅವಸರವಸರವಾಗಿ ಸಂದೇಶಗಳನ್ನು ಅಳಿಸಹೊರಟೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ಹದಿನಾಲ್ಕು ಫೋನುಗಳಲ್ಲಿ ಯಾರ್ಯಾರು ಅದನ್ನು ಇಳಿಸಿಕೊಂಡಿದ್ದರೋ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2018ರ ಫೆಬ್ರವರಿಯಲ್ಲಿ, ಪ್ರಮಾಣಪತ್ರಗಳನ್ನು ಮಾರುವ ಟ್ರಸ್ಟಿಕೋ ಎಂಬ ಬ್ರಿಟಿಷ್ ಸಂಸ್ಥೆಯಿಂದ ಸುಮಾರು 23,000 ಪ್ರಮಾಣಪತ್ರಗಳ ಗುಟ್ಟಿನ ಕೀಲಿಗಳು ಡಿಜಿಸರ್ಟ್ ಸಂಸ್ಥೆಗೆ ಇಮೇಲಿನಲ್ಲಿ ಹೋದವು. ಕೀಲಿ ಬಯಲಾಯಿತೆಂದು ಗೊತ್ತಾದರೆ ಪತ್ರವನ್ನು 24 ಗಂಟೆಯೊಳಗೆ ರದ್ದು ಮಾಡಬೇಕೆಂಬುದು ನಿಯಮ. ಅಷ್ಟೂ ಪತ್ರಗಳು ರದ್ದಾದವು. ಗಿರಾಕಿಗಳು ಹೊಸ ಪತ್ರಕ್ಕಾಗಿ ಓಡಾಡಬೇಕಾಯಿತು.

ನಾವು ಮಾಡಬೇಕಾದದ್ದೂ ಅದೇ. ಶನಿವಾರ ನೋಂದಣಿ ನಿಲ್ಲಿಸಿದೆವು. ಪತ್ರ ಕೊಟ್ಟವರಿಗೆ ಕೀಲಿ ಬಯಲಾದ ವಿಷಯ ತಿಳಿಸಿ ಹಳೆಯದನ್ನು ರದ್ದು ಮಾಡಿಸಿದೆವು. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಕೀಲಿಗೇ ಹೊಸ ಪತ್ರ ಪಡೆದರೆ ಪ್ರಯೋಜನವಿಲ್ಲ, ಕೀಲಿಯೇ ಹೊಸದಾಗಬೇಕು. ಅವಳು ಹೊಸ ಸರ್ವರಿನಲ್ಲೇ ಹೊಸ ಕೀಲಿಯನ್ನು ಹುಟ್ಟಿಸಿ, ಕೋರಿಕೆಯ ಪತ್ರವನ್ನು ಮಾತ್ರ ಹೊರಗೆ ಕಳಿಸಿದಳು. ಸಂಜೆಯ ಹೊತ್ತಿಗೆ ಹೊಸ ಪ್ರಮಾಣಪತ್ರ ಬಂತು. ಅಷ್ಟರಲ್ಲಿ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಹಿರಿಯ ಸದಸ್ಯರೊಬ್ಬರು "ಮೊಮ್ಮಗಳ ಹೆಸರು ಬರೆಸಲು ಬೆಳಿಗ್ಗೆಯಿಂದ ಕೂತಿದ್ದೇನಮ್ಮಾ" ಎಂದಾಗ ನನಗೆ ನಿಜ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಸಂಘದ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಗ್ರಂಥಾಲಯದ ಪಟ್ಟಿ ಇದೆ. ಅದಕ್ಕೂ ಇದೇ ಪ್ರಮಾಣಪತ್ರ ಬೇಕು, ಪಿಎಫ್‌ಎಕ್ಸ್ ರೂಪದಲ್ಲಿ. ಅಂದರೆ ಪತ್ರ ಹೊಸದಾದಾಗಲೆಲ್ಲ ಪೆಮ್‌ನಿಂದ ಪಿಎಫ್‌ಎಕ್ಸ್ ಮಾಡಲೇಬೇಕು. ಪ್ರತಿ ಸಲ ಯಾರೋ ಒಬ್ಬರು ನೆನಪಿನಿಂದ ಮಾಡಿದರೆ ಪ್ರತಿ ಸಲ ಒಂದೊಂದು ತಪ್ಪು. ಆದ್ದರಿಂದ ಅವಳು ಒಂದು ಸ್ಕ್ರಿಪ್ಟ್ ಬರೆದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಕ್ರಮವಾಗಿ ಬರೆದಿಟ್ಟ ಚೀಟಿ. ಅತ್ತೆಯವರು ಉಪ್ಪಿನಕಾಯಿಯ ಅಳತೆಯನ್ನು ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದರಲ್ಲ, ಹಾಗೆ. ಅದರ ಕ್ರಮವನ್ನು ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ಒಂದು: ಸ್ಕ್ರಿಪ್ಟ್ ಮೊದಲು ಯುಮಾಸ್ಕ್ 077 ಎಂದು ಹೇಳುತ್ತದೆ. ಇದರಿಂದ ಮುಂದೆ ಹುಟ್ಟುವ ಕಡತಗಳನ್ನು ಕೆಲಸ ಮಾಡುತ್ತಿರುವವರ ಹೊರತು ಬೇರೆ ಸಾಮಾನ್ಯ ಬಳಕೆದಾರರು ತೆರೆಯಲಾರರು.

ಎರಡು: ಕೀಲಿಯೂ ಪತ್ರವೂ ಒಂದೇ ಜೋಡಿಯೇ ಎಂದು ನೋಡುತ್ತದೆ. ಎರಡರಿಂದಲೂ ಬಹಿರಂಗ ಕೀಲಿಯನ್ನು ತೆಗೆಸಿ ಹೋಲಿಸುತ್ತದೆ. ಬೇರೆಬೇರೆಯಾಗಿದ್ದರೆ ಅಲ್ಲೇ ನಿಲ್ಲುತ್ತದೆ.

ಮೂರು: ನಮ್ಮ ಪತ್ರದ ಜೊತೆಗೆ ನಡುವಿನ ಸಾಕ್ಷಿಯ ಪತ್ರವನ್ನೂ ಟ್ರಂಕಿಗೆ ಸೇರಿಸುತ್ತದೆ. ಇದನ್ನು ಮರೆತರೆ ಕೆಲವು ಬ್ರೌಸರುಗಳಲ್ಲಿ ಸೈಟು ಸರಿಯಾಗಿ ಕಂಡು, ಬೇರೆ ಕಡೆ ಎಚ್ಚರಿಕೆ ಬರುತ್ತದೆ. ಕೆಲವು ಬ್ರೌಸರುಗಳು ಕೈಬಿಟ್ಟುಹೋದ ಸಾಕ್ಷಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ಉಳಿದವು ಹುಡುಕುವುದಿಲ್ಲ.

ನಾಲ್ಕು: ಟ್ರಂಕಿನ ಪಾಸ್‌ವರ್ಡನ್ನು ಆಗಲೇ ಕೇಳಿ ಪಡೆಯುತ್ತದೆ. ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆದಿಲ್ಲ. ಆಜ್ಞೆಯ ಸಾಲಿನಲ್ಲೂ ಅದನ್ನು ಬರೆಯುವಂತಿಲ್ಲ. ಅಲ್ಲಿ ಬರೆದರೆ ಕಂಪ್ಯೂಟರ್ ಹಳೆಯ ಆಜ್ಞೆಗಳ ಪಟ್ಟಿಯಲ್ಲಿ ಅದನ್ನು ಉಳಿಸಿಕೊಳ್ಳುತ್ತದೆ.

ಐದು: ಪಿಎಫ್‌ಎಕ್ಸ್ ಆದ ಮೇಲೆ ಅದನ್ನು ತಾನೇ ತೆರೆದು, ಒಳಗಿನ ಪತ್ರದ ಬೆರಳ ಗುರುತನ್ನು ಮೊದಲಿನ ಪತ್ರದ ಗುರುತಿನೊಂದಿಗೆ ತಾಳೆ ನೋಡುತ್ತದೆ. ಈ ಗುರುತು 64 ಅಂಕಿ-ಅಕ್ಷರಗಳ ಒಂದು ಸಾಲು. ಪತ್ರ ಯಾವ ರೂಪದಲ್ಲಿದ್ದರೂ ಅದನ್ನು ಲೆಕ್ಕ ಹಾಕುವುದು ಡಿಇಆರ್ ಬೈಟುಗಳ ಮೇಲೆ. ಹೀಗಾಗಿ ಡಬ್ಬಿ ಬದಲಾದರೂ ಗುರುತಿನ ಒಂದಕ್ಷರವೂ ಬದಲಾಗಬಾರದು.

ಆರು: ಪತ್ರದ ಕೊನೆಯ ದಿನಾಂಕವನ್ನು ತೋರಿಸಿ, ನಡುವೆ ಹುಟ್ಟಿದ ತಾತ್ಕಾಲಿಕ ಕಡತಗಳನ್ನು ಅಳಿಸಿ ಮುಗಿಸುತ್ತದೆ. ಅರ್ಧದಲ್ಲಿ ನಿಂತರೂ ಅಳಿಸಿಯೇ ನಿಲ್ಲುತ್ತದೆ.

ಆಮೇಲೆ ಟ್ರಂಕು ಪೆನ್‌ಡ್ರೈವಿನಲ್ಲಿ ಕಚೇರಿಗೆ ಹೋಗುತ್ತದೆ, ಪಾಸ್‌ವರ್ಡ್ ಫೋನಿನಲ್ಲಿ ಬಾಯಿಮಾತಿನಲ್ಲಿ ಹೋಗುತ್ತದೆ. ಎರಡೂ ಒಂದೇ ದಾರಿಯಲ್ಲಿ ಹೋಗಕೂಡದು.

'ವರ್ಷಕ್ಕೊಂದು ಸಲದ ಕೆಲಸಕ್ಕೆ ಇಷ್ಟು ರಾಮಾಯಣವೇ?' ಎಂದು ನೀವು ಕೇಳಬಹುದು. ವರ್ಷಕ್ಕೊಂದು ಸಲದ ಕಾಲ ಮುಗಿಯಿತು. 2020ರ ಸೆಪ್ಟೆಂಬರಿನಿಂದ ಇಂಥ ಪತ್ರಗಳ ಗರಿಷ್ಠ ಆಯುಸ್ಸು 398 ದಿನವಾಗಿತ್ತು. ಪತ್ರ ಕೊಡುವವರೂ ಬ್ರೌಸರ್ ತಯಾರಕರೂ ಸೇರಿದ ವೇದಿಕೆ 2025ರ ಏಪ್ರಿಲಿನಲ್ಲಿ ತೆಗೆದುಕೊಂಡ ತೀರ್ಮಾನದ ಪ್ರಕಾರ 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಏಳು ವಾರಕ್ಕೊಮ್ಮೆ ನಡುರಾತ್ರಿಯಲ್ಲಿ ಯಾರಿಗೋ ಫೋನ್ ಮಾಡುತ್ತಾ ಕೂರಲಾದೀತೇ? ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಉಚಿತವಾಗಿ ಪತ್ರ ಕೊಡುತ್ತಿದೆ. ಅಲ್ಲಿ ನವೀಕರಣವೂ ತಾನಾಗಿಯೇ ಆಗುವಂತೆ ಮಾಡಿಕೊಳ್ಳಬಹುದು. ನಮ್ಮ ಸಂಘವೂ ಆ ದಾರಿ ಹಿಡಿಯಬೇಕೆಂದು ಅವಳು ಹೇಳಿದ್ದಾಳೆ.

ಕೀಲಿಯನ್ನು ಹೊರಗೆ ತೆಗೆಯಲಿಕ್ಕೇ ಆಗದಂಥ ವ್ಯವಸ್ಥೆಯೂ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಕಂಪನಿಯ ಕಾಗದಪತ್ರಗಳಿಗೆ ಡಿಜಿಟಲ್ ಸಹಿ ಹಾಕುವವರಿದ್ದರೆ ಪೆನ್‌ಡ್ರೈವಿನಂಥ ಟೋಕನ್ನನ್ನು ನೋಡಿರುತ್ತೀರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅಂಥ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಟೋಕನ್ನಿನೊಳಗಿನ ಗುಟ್ಟಿನ ಕೀಲಿಯನ್ನು ಹೊರಗೆ ನಕಲು ಮಾಡಲಾಗುವುದಿಲ್ಲ. ಆದರೆ ಆ ಟೋಕನ್ನನ್ನೂ ಅದರ ಪಿನ್ನನ್ನೂ ಒಟ್ಟಿಗೆ ಇನ್ನೊಬ್ಬರ ಮೇಜಿನ ಮೇಲೆ ಬಿಟ್ಟು ಬರುವವರು ನನಗೆ ಗೊತ್ತು. ಅವರಿಗೆ ಯಾವ ಟೋಕನ್ ಕಾವಲು ಕಾದೀತು?

ಈಗ ಆ ಹುಡುಗನ ವಿಷಯ. ಸಮಿತಿಯ ಸಭೆಯಲ್ಲಿ ಒಬ್ಬಿಬ್ಬರು ಅವನನ್ನು ಗಟ್ಟಿಯಾಗಿಯೇ ಅಂದರು. ಅವನು ತಲೆತಗ್ಗಿಸಿ ಕೂತಿದ್ದ. ಪಾಸ್‌ವರ್ಡನ್ನು ಹದಿನಾಲ್ಕು ಜನರ ಮುಂದೆ ಮೊದಲು ಇಟ್ಟವಳು ನಾನು, ಅವಸರ ಮಾಡಿದವಳೂ ನಾನು ಎಂದು ಎದ್ದು ಹೇಳಿದೆ. ಆದರೂ ಅವನು ಮೂರು ವಾರ ಸಂಘದ ಕಡೆ ಸುಳಿಯಲಿಲ್ಲ. ಪ್ರಮಾಣಪತ್ರ ಕೆಟ್ಟರೆ ರದ್ದು ಮಾಡಿ ಇನ್ನೊಂದನ್ನು ತರಬಹುದು. ಕೆಲಸ ಮಾಡಲು ಬಂದ ಹುಡುಗನ ಮನಸ್ಸು ಮುರಿದರೆ? ನನ್ನ ಮೈದುನನ ಮಗಳೇ ಅವನಿಗೆ ಫೋನ್ ಮಾಡಿ ಸ್ಕ್ರಿಪ್ಟನ್ನು ಕಲಿಸಿದಳು. ಈಗ ಅದನ್ನು ನಡೆಸುವವನು ಅವನೇ.

ಹೋದ ಸಲ ಅವನು ಸ್ಕ್ರಿಪ್ಟನ್ನು ತಂದು ತೋರಿಸಿದ. ಮೊದಲ ಸಾಲುಗಳಲ್ಲಿ, ಕಂಪ್ಯೂಟರ್ ಓದದೆ ಬಿಟ್ಟುಬಿಡುವ ಟಿಪ್ಪಣಿಯ ಜಾಗದಲ್ಲಿ, ಕನ್ನಡದಲ್ಲಿ ಬರೆದಿದ್ದ: 'ಈ ಕೀಳಿಯನ್ನು ಯಾರಿಗೂ ಕೊಡಬೇಡಿ. ಗೊತ್ತಾಗದಿದ್ದರೆ ಫೋನ್ ಮಾಡಿ.' "ಸರಿ ಇದೆಯಾ ಆಂಟಿ?" ಎಂದು ಕೇಳಿದ. 'ಳ' ಬರಬಾರದು, 'ಲ' ಬರಬೇಕು ಎಂದೆ. ಅಲ್ಲೇ ತಿದ್ದಿಕೊಂಡ.

ನಿಮ್ಮಲ್ಲೂ ಒಂದು ಕೋರಿಕೆ. ಮನೆಯ ಹಿರಿಯರು ಅವಸರದಲ್ಲಿ ಫೋನನ್ನೂ ಪಾಸ್‌ವರ್ಡನ್ನೂ ಕೈಗಿಟ್ಟಾಗ, ಗೊತ್ತಿಲ್ಲದ್ದು ಎದುರಾದರೆ 'ನಾಳೆ ಮಾಡುತ್ತೇನೆ' ಎಂದು ಧೈರ್ಯವಾಗಿ ಹೇಳಿ. ನಾವು ಗೊಣಗಬಹುದು. ಗೊಣಗಲಿ ಬಿಡಿ.